ಐವತ್ತೆರಡನೇ ಪ್ರಶ್ನೆ

ಹದಿನಾಲ್ಕನೇ ಪ್ರಶ್ನೆ: ಮತಪೆಟ್ಟಿಗೆ ಖಾಲಿಯಿತ್ತೇ?
ಇತ್ತು. ತಲೆಕೆಳಗು ಮಾಡಿ ಬಡಿದು ತೋರಿಸಿದರು.
ಒಂದು ಹಲ್ಲಿಮರಿ ಬಿತ್ತು.
ಹಲ್ಲಿಮರಿಗೆ ನಮೂನೆಯಲ್ಲಿ ಚೌಕವಿಲ್ಲ.

ಜುಮ್ಲಾದ ಬೆಟ್ಟದಿಂದ ಬಂದವಳು ದಿಲ್‌ಕುಮಾರಿ ಘರ್ತಿ,
ಕಡಲು ಕಂಡದ್ದು ಇದೇ ಮೊದಲು.
ಎರಡು ದಿನ ದೋಣಿಯಲ್ಲಿ ಕರುಳು ಕಕ್ಕಿಕೊಂಡು
ಮಾಲುಕುವಿನ ಈ ಅಂಗೈಯಗಲದ ದ್ವೀಪ ತಲುಪಿದ್ದಾಳೆ.
ಕೊರಳಲ್ಲಿ ವೀಕ್ಷಕಿಯ ಬಿಲ್ಲೆ, ಕೈಯಲ್ಲಿ ಆರು ಪುಟದ ನಮೂನೆ.
ನೋಡಬಹುದು, ಬರೆಯಬಹುದು,
ಬಾಯಿ ಹಾಕುವಂತಿಲ್ಲ.

ಅವಳ ಕಡೆ ಮುದ್ರೆ ಒತ್ತುತ್ತಾರೆ.
ಇಲ್ಲಿ ಮೊಳೆ.
ಮೇಜಿಗೆ ದಾರದಲ್ಲಿ ಕಟ್ಟಿಹಾಕಿದ ಒಂದು ಮೊಳೆ,
ಅಡಿಗೆ ಹಳೆಯ ಹಾಸಿಗೆಯ ಸ್ಪಂಜಿನ ತುಂಡು.
ಬೇಕಾದ ಹೆಸರಿಗೆ ಚುಚ್ಚಿ, ಮಡಚಿ, ಪೆಟ್ಟಿಗೆಗೆ ಹಾಕಿ,
ಬೆರಳನ್ನು ಶಾಯಿಯ ಶೀಶೆಯಲ್ಲಿ ಅದ್ದಿ ಬಂದರೆ
ಹೊರಗೆ ಕರಿದ ಬಾಳೆಹಣ್ಣಿನ ವಾಸನೆ.

ನಸುಕಿನಲ್ಲಿ ಯಾರೋ ಮನೆಮನೆಗೆ ಲಕೋಟೆ ಹಂಚಿದರಂತೆ.
ಅದಕ್ಕಿಲ್ಲಿ ‘ಮುಂಜಾವಿನ ದಾಳಿ’ ಎಂದೇ ಹೆಸರು.
ಹೇಳಿದ ದುಭಾಷಿ ರೆನ್ಸಿ ನೆಲ ನೋಡಿದ.
‘ನಮ್ಮಲ್ಲಿ ಅಷ್ಟು ಹೊತ್ತು ಕಾಯುವುದಿಲ್ಲ,
ನಡುರಾತ್ರಿಗೇ ಮುಗಿಸುತ್ತಾರೆ’ ಎಂದಳು ಇವಳು.
ಎಲ್ಲರ ಮನೆ ದೋಸೆಯೂ ತೂತೇ.

ಹಾಜಾ ಸಫಿಯಾ ತುವಾನಾಯ, ವಯಸ್ಸು ಎಂಬತ್ತೋ ತೊಂಬತ್ತೋ,
ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು.
ರಟ್ಟಿನ ಮರೆಗೆ ಹೋದವಳು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ.
ಸರದಿಯವರು ಗೊಣಗಿದರು. ಒಳಗಿನಿಂದ ಮೊಳೆಯ ಸದ್ದೂ ಇಲ್ಲ.
ಬಂದಳು. ಯಾರಿಗೆಂದು ಮಗನಿಗೂ ಹೇಳಲಿಲ್ಲ,
ಈ ಪದ್ಯಕ್ಕೂ ಹೇಳಿಲ್ಲ.

ಮಧ್ಯಾಹ್ನದಿಂದ ಎಣಿಕೆ, ಶಾಲೆಯಂಗಳದ ಚಪ್ಪರದಲ್ಲಿ.
ಎಣಿಸುವವಳು ಯೋಸಿನಾ ಸಲಾಕೋರಿ,
ಉಳಿದ ದಿನ ಮೀನು ಒಣಹಾಕುವವಳು.
ಒಂದೊಂದೇ ಚೀಟಿ ಬಿಡಿಸಿ, ಒದ್ದೆ ಸೀರೆ ಹರವುವಂತೆ
ಎರಡೂ ಕೈಯಲ್ಲಿ ಬೆಳಕಿಗೆ ಎತ್ತಿ ಹಿಡಿಯುತ್ತಾಳೆ.
ಎಳ್ಳುಕಾಳಿನಷ್ಟು ತೂತು, ಅದರಾಚೆ ಆಕಾಶ.
ಹೆಸರು ಕೂಗುತ್ತಾಳೆ. ಏಜೆಂಟರು ‘ಸಾಹ್!’ ಅನ್ನುತ್ತಾರೆ.
ಸಾಹ್ ಅಂದರೆ ಸಿಂಧು.
ಹಲಗೆಯ ಮೇಲೆ ಒಂದು ಗೀಟು, ಐದನೆಯದು ಅಡ್ಡ.
ಬೇಲಿಗೊರಗಿದ ಮಕ್ಕಳೂ ಸಾಹ್, ಸಾಹ್.

ಒಂದು ಚೀಟಿಯಲ್ಲಿ ಎರಡು ತೂತು.
ಮಡಿಕೆ ಬಿಡಿಸದೆಯೇ ಚುಚ್ಚಿದ್ದು ಅಂತ ಒಬ್ಬ,
ಕುಲಗೆಟ್ಟ ಮತ ಅಂತ ಇನ್ನೊಬ್ಬ.
ಮುಕ್ಕಾಲು ಗಂಟೆ ಜಗಳ, ನಿಯಮದ ಪುಸ್ತಕ, ಚಹಾ.
ಮತ್ತೆ ಮಡಚಿ ನೋಡಿದರು, ತೂತಿನ ಮೇಲೆ ತೂತು ಕೂತಿತು.
ಸಾಹ್. ಸೋತ ಕಡೆಯವನೇ ಗೀಟೆಳೆದ.

ರಾತ್ರಿ ಒಂಬತ್ತೂವರೆಗೆ ಜನರೇಟರು ಕೆಮ್ಮಿ ಸತ್ತಿತು.

ಮೇಜಿನ ಮೇಲೆ ಬಿಚ್ಚಿದ ಚೀಟಿಗಳು ಇನ್ನೂರು ಇರಬೇಕು.
ದಿಲ್‌ಕುಮಾರಿಯ ಎದೆ ಧಸಕ್ಕೆಂದಿತು.
ಅವಳ ಹಳ್ಳಿಯಲ್ಲೂ ಒಮ್ಮೆ ಹೀಗೇ ದೀಪ ಹೋಗಿತ್ತು.
ಬಂದಾಗ ಪೆಟ್ಟಿಗೆ ಅಲ್ಲೇ ಇತ್ತು,
ಬೀಗ ಮಾತ್ರ ಹೊಸತು.
ಕಾವಲಿದ್ದ ಚಿಕ್ಕಪ್ಪ ಅದರ ಮಾತೆತ್ತದೆಯೇ ಸತ್ತ.

ಕತ್ತಲಲ್ಲಿ ಯೋಸಿನಾಳ ದನಿ:
‘ಚಪ್ಪಾಳೆ! ಮೇಜಿನ ಸುತ್ತ ಇರುವವರೆಲ್ಲ,
ದೀಪ ಬರುವ ತನಕ ನಿಲ್ಲಿಸಬೇಡಿ.
ನಿಮ್ಮ ಕೈ ನನಗೆ ಕೇಳಿಸುತ್ತಿರಲಿ.’

ಮೂರು ಪಕ್ಷದ ಏಜೆಂಟರು, ಏಳು ಸಿಬ್ಬಂದಿ,
ಒಬ್ಬ ಪೊಲೀಸು ಕೂಡ.
ಮೊದಲು ನಗು, ಆಮೇಲೆ ಬರೀ ಸದ್ದು,
ತಾಳವಿಲ್ಲ, ಲಯವಿಲ್ಲ,
ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ.
ಯಾರದೋ ಜೋಡಿ ನಿಧಾನವಾದರೆ
ಬೇಲಿಯ ಹೊರಗಿನಿಂದ ಹೆಸರು ಹಿಡಿದೇ ಕೂಗುತ್ತಿದ್ದರು:
‘ಏ ಮಾರ್ಕುಸ್, ನಿನ್ನ ಕೈ ಎಲ್ಲಿ?’

ಹನ್ನೊಂದು ನಿಮಿಷ.
ಕಣವೆ ಮೀನು ಹಿಡಿಯುವ ದೋಣಿಯಿಂದ
ಇಬ್ಬರು ಹುಡುಗರು ದೊಡ್ಡ ದೀಪ ಹೊತ್ತು ಓಡಿಬಂದರು.
ಅಂಗೈಗಳೆಲ್ಲ ಕೆಂಪಗಾಗಿದ್ದವು.
ಎಣಿಕೆ ಮುಂದುವರಿಯಿತು.

ಐವತ್ತೆರಡನೇ ಪ್ರಶ್ನೆ:
ಎಣಿಕೆ ಎಲ್ಲರಿಗೂ ಕಾಣುವಂತೆ ನಡೆಯಿತೇ? ಹೌದು, ಇಲ್ಲ.
ಅವಳು ಎರಡನ್ನೂ ಬಿಟ್ಟಳು.
ಅಂಚಿನ ಖಾಲಿ ಜಾಗದಲ್ಲಿ ಸಣ್ಣಗೆ ಬರೆದಳು:
ಕತ್ತಲಾಗಿತ್ತು.
ಕೇಳಿಸುತ್ತಿತ್ತು.